ಉಮಕ್ಕನ ದ್ರಾಕ್ಷಿ ಜಾಡಿ

ಉಮಕ್ಕನ ತಲೆ ಎಡಕ್ಕೇ ವಾಲುತ್ತಿತ್ತು. ಹಣೆಗೆ ಬಿಳಿ ಬಟ್ಟೆ ಸುತ್ತಿ, ಅದರ ತುದಿಯನ್ನು ಹಿಂದಿನ ಕಿಟಕಿಯ ಸರಳಿಗೆ ಬಿಗಿದರೂ ನಿಲ್ಲಲಿಲ್ಲ. ಭಾವ ಮಹಾಲಿಂಗಯ್ಯನವರು ಬೆವರು ಒರೆಸಿಕೊಳ್ಳುತ್ತಾ, "ಒಂದು ದಿಂಬು ತರ್ರಮ್ಮ ಯಾರಾದ್ರೂ," ಎಂದರು.

ಪಕ್ಕದ ಮನೆಯ ಖುರ್ಷಿದಾ ಬೇಗಂ ಎದ್ದು ಹೋದಳು. ಗಂಡ ಇಸಾಕ್ ಸಾಬರದು ಹಾಸಿಗೆ ಅಂಗಡಿ. ಅವಳ ಮನೆಯಲ್ಲಿ ದಿಂಬಿಗೇನು ಬರವೇ? ಹೊಸದೊಂದನ್ನು ತಂದು ಗೆಳತಿಯ ಕತ್ತಿನ ಪಕ್ಕಕ್ಕೆ ಒತ್ತಿಟ್ಟಳು. ತಲೆ ನೆಟ್ಟಗೆ ನಿಂತಿತು. ಸರಿದಿದ್ದ ಸೆರಗನ್ನೂ ಅವಳೇ ಸರಿಮಾಡಿದಳು.

ಲಿಂಗವಂತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಮಡಿಲ ತುಂಬ ಬಿಲ್ವಪತ್ರೆ. ಬಂದವರನ್ನೆಲ್ಲ ಎದುರಿಗೆ ಕೂರಿಸಿಕೊಂಡ ಉಮಕ್ಕ, "ನಿಂತೇ ಇದೀರಲ್ರೇ, ಕೂತ್ಕೊಳ್ಳಿ," ಎಂದು ಇನ್ನೇನು ಅಂದುಬಿಡುವಳೇನೋ ಎನ್ನುವಂತಿದ್ದಳು. ಅದನ್ನು ನೋಡಿ ಖುರ್ಷಿದಾಳಿಗೆ ಮತ್ತೆ ಅಳು ಉಕ್ಕಿಬಂತು. ಬೆಳಗಿನಿಂದ ಅತ್ತು ಅತ್ತು ಮೂಗೆಲ್ಲ ಕಟ್ಟಿಹೋಗಿತ್ತು.

ಮಹಡಿ ಮೇಲೆ ಬಾಡಿಗೆಗಿರುವ ಬ್ಯಾಂಕಿನ ಹುಡುಗಿ ಕೋಮಲಾ ಮೆಲ್ಲಗೆ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಆಂಟಿ, ಇವತ್ತು ಭಾನುವಾರ."

"ಗೊತ್ತಮ್ಮ."

"ನಾಲ್ಕು ಗಂಟೆಗೆ ಬನ್ನಿ ಅಂತ ಎಲ್ರಿಗೂ ಹೇಳಿದ್ರು. ಜಾಡಿ ಎಲ್ಲಿದೆ?"

"ನಮ್ಮನೇಲೇ ಐತೆ. ಮೆಟ್ಲು ಕೆಳಗೆ."

"ನಿಮ್ಮನೆ ಅಂಕಲ್‌ಗೆ ಗೊತ್ತಾ?"

"ಉಪ್ಪಿನಕಾಯಿ ಅಂದಿದೀನಿ."

ಕೋಮಲಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಳುತ್ತಿದ್ದಾಳೆಂದು ತಿಳಿದ ಒಬ್ಬ ಮುದುಕಿ ಅವಳ ಬೆನ್ನು ಸವರಿದಳು.

* * *

ಎಲ್ಲ ಶುರುವಾದದ್ದು ಅದೇ ಮಹಡಿಯಲ್ಲಿ ಹಿಂದೆ ಬಾಡಿಗೆಗಿದ್ದ ಮಂಗಳೂರಿನ ನರ್ಸ್ ಒಬ್ಬಳಿಂದ. ಕ್ರಿಸ್‌ಮಸ್ಸಿಗೆಂದು ಅವಳು ಕಪ್ಪು ದ್ರಾಕ್ಷಿ ಕಿವುಚಿ, ಸಕ್ಕರೆ, ಲವಂಗ, ಒಂದು ಹಿಡಿ ಗೋಧಿ ಸೇರಿಸಿ ಜಾಡಿಯಲ್ಲಿ ಮುಚ್ಚಿಟ್ಟು ವೈನ್ ಮಾಡುವುದನ್ನು ಉಮಕ್ಕ ನೋಡಿ ಕಲಿತಳು. ನರ್ಸಿಗೆ ವರ್ಗವಾಯಿತು, ವಿದ್ಯೆ ಬಟವಾಡಿಯ ಈ ಬೀದಿಯಲ್ಲೇ ಉಳಿಯಿತು. ಸೀರೆಗಳಿಗೆ ಫಾಲ್ಸ್ ಹಾಕಿಕೊಂಡಿದ್ದ, ಮಕ್ಕಳಿಲ್ಲದ, ಯಾರ ಗಮನಕ್ಕೂ ಬೀಳದ ಹೆಂಗಸು ಉಮಾಮಹೇಶ್ವರಿ. ಆದರೆ ಜಾಡಿಯ ಮುಂದೆ ಕೂತಳೆಂದರೆ ಅವಳ ಗತ್ತೇ ಬೇರೆ.

ಬೇಸಗೆ ಬಂದರೆ ಬೀದಿಯ ತಾರಸಿಗಳ ಮೇಲೆಲ್ಲ ಸಂಡಿಗೆ, ಹಪ್ಪಳ ಒಣಗುತ್ತವೆ. ಉಮಕ್ಕನ ತಾರಸಿಯ ಮೇಲೆ ಮೇ ತಿಂಗಳ ಒಂದು ಭಾನುವಾರ ಚಾಪೆ ಬೀಳುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಬೀದಿಯ ಐದಾರು ಹೆಂಗಸರು ಸೇರುತ್ತಿದ್ದರು. ಸ್ಟೀಲ್ ಲೋಟಗಳಲ್ಲಿ ಎರಡೆರಡು ಗುಟುಕು. ನೆಂಚಿಕೊಳ್ಳಲು ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಹುರಿದ ಕಡಲೆಬೀಜ. ಇದು ಹೋದ ವರ್ಷದ್ದು, ಇದು ಈ ವರ್ಷದ್ದು, ಇದಕ್ಕೆ ನೇರಳೆಹಣ್ಣು ಬೆರೆಸಿದೆ ಎನ್ನುತ್ತಾ ಉಮಕ್ಕ ಒಂದೊಂದಾಗಿ ಬಡಿಸುವಳು. ರುಚಿ ನೋಡಿ ಯಾವುದು ಗೆದ್ದಿತೆಂದು ಹೇಳಬೇಕು. ಸುಮ್ಮನೆ ನುಂಗಿ ಎದ್ದು ಹೋಗುವ ಹಾಗಿಲ್ಲ. ಕೋಮಲಾ ಮೊಬೈಲಿನಲ್ಲಿ ನೋಡಿ ಕಲಿತು, "ಹಿಂಗೆ ಲೋಟ ತಿರುಗಿಸ್ಬೇಕು ಆಂಟಿ," ಎಂದು ತಿರುಗಿಸಲು ಹೋಗಿ ಎದುರುಮನೆ ಶಶಿಕಲಾಳ ಸೀರೆಗೆಲ್ಲ ಚೆಲ್ಲಿದ್ದಳು. ಆ ನಗು ಹೆದ್ದಾರಿಯವರೆಗೂ ಕೇಳಿಸಿರಬೇಕು.

ಗಂಡ ಮಹಾದೇವಯ್ಯ ದಿನವೂ ಲಿಂಗಪೂಜೆ ತಪ್ಪಿಸದ ಮನುಷ್ಯ. "ಪೂಜೆ ಮಾಡೋ ಮನೆ ಒಳಗೆ ಕುಡಿಯೋದು ಬೇಡ ಕಣೇ, ಮೇಲೆ ಏನಾದ್ರೂ ಮಾಡ್ಕೊ," ಎಂದು ಒಂದೇ ಒಂದು ಸಲ ಹೇಳಿದ್ದರು. ಆಮೇಲೆ ಪ್ರತಿವರ್ಷ ಆ ಭಾನುವಾರ, ಅಣ್ಣನನ್ನು ನೋಡಿ ಬರುತ್ತೇನೆಂದು ಬೆಳಗ್ಗೆಯೇ ಗುಬ್ಬಿ ಬಸ್ಸು ಹತ್ತಿಬಿಡುತ್ತಿದ್ದರು.

ಖುರ್ಷಿದಾ ಕುಡಿಯುವ ಮಾತೇ ಇರಲಿಲ್ಲ. ಆದರೆ ಅವಳು ಬಾರದೆ ಉಮಕ್ಕ ಜಾಡಿಯ ಬಟ್ಟೆ ಬಿಚ್ಚುತ್ತಿರಲಿಲ್ಲ. ಖುರ್ಷಿದಾಳ ಅಪ್ಪ ಕುಣಿಗಲ್ಲಿನವರು. ಅತ್ತರಿನ ಪೆಟ್ಟಿಗೆ ಹಿಡಿದು ಅಮೃತೂರು, ಹುಲಿಯೂರುದುರ್ಗದ ಸಂತೆಗಳನ್ನು ಸುತ್ತಿದವರು. ಅವರ ಮೂಗು ಮಗಳಿಗೂ ಬಂದಿತ್ತು. ಜಾಡಿಯ ಬಾಯಿಗೆ ಬಗ್ಗಿ, ಒಂದೇ ಉಸಿರು ಎಳೆದು ತೀರ್ಪು ಕೊಡುವಳು.

"ಲವಂಗ ಒಂದೆರಡು ಜಾಸ್ತಿ ಆಗವೆ. ಇನ್ನೊಂದು ವಾರ ಬುಡು ಉಮಕ್ಕ."

"ಮೂಗಿಗೆ ಗೊತ್ತಾಗೋದು ಅರ್ಧ ಕಣೇ. ಇನ್ನರ್ಧ ನಾಲಿಗೆಗೆ. ಒಂದು ತೊಟ್ಟು ನಿನ್ನ ನಾಲಿಗೆ ಮೇಲೆ ಇಡೋ ಹಂಗಿದ್ದಿದ್ರೆ!"

"ನಂಗೆ ಅರ್ಧವೇ ಸಾಕು. ನನ್ನ ಷರಬತ್ತು ಕೊಡು."

ಬಾಯಲ್ಲಿ ಹಾಗೆನ್ನುತ್ತಿದ್ದಳು. ಮನಸ್ಸಿನಲ್ಲಿ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಹೆಂಡದ ಆಸೆಯಲ್ಲ, ಅಷ್ಟು ಅಕ್ಕರೆಯಿಂದ ಮಾಡಿದ್ದು, ಎಲ್ಲರೂ ಹೊಗಳುವುದು, ತನಗೊಬ್ಬಳಿಗೇ ದಕ್ಕದಲ್ಲ ಎಂಬ ಸಣ್ಣ ಸಂಕಟ. ಅದನ್ನು ಯಾರ ಮುಂದೂ ಹೇಳಿರಲಿಲ್ಲ.

* * *

ಮಧ್ಯಾಹ್ನದ ಹೊತ್ತಿಗೆ ವ್ಯಾನು ಬಂತು. ಮಣ್ಣು ಮಾಡುವುದು ಗುಬ್ಬಿ ಹತ್ತಿರ ಮನೆತನದ ತೆಂಗಿನ ತೋಟದಲ್ಲಿ. ಕೂತ ಉಮಕ್ಕನನ್ನು ಕೂತ ಹಾಗೇ ಎತ್ತಿ ಒಳಗಿಟ್ಟರು. ಇಸಾಕ್ ಸಾಬರು ಸ್ಕೂಟರಿನಲ್ಲಿ ಹಿಂದೆಯೇ ಹೊರಟರು. ಖುರ್ಷಿದಾ ಗೇಟಿನವರೆಗೆ ಹೋಗಿ ನಿಂತಳು. ತಮ್ಮವರ ಕಬರಸ್ತಾನಕ್ಕೂ ಹೆಂಗಸರು ಹೋಗುವ ರೂಢಿಯಿಲ್ಲ. ಕಾಲು ಅಲ್ಲಿಂದ ಮುಂದಕ್ಕೆ ಏಳಲಿಲ್ಲ.

"ಏನ್ ಮಾಡೋದು ಆಂಟಿ?" ಕೋಮಲಾ ಕೇಳಿದಳು. "ಮಹಾಲಿಂಗಯ್ಯನೋರಿಗೆ ಗೊತ್ತಾದ್ರೆ ಉಮಾ ಆಂಟಿ ಹೆಸ್ರು ಕೆಡುತ್ತೆ. ನಿಮ್ಮನೇಲಿ ಗೊತ್ತಾದ್ರೆ ನಿಮ್ಮ ಕತೆ. ಸುಮ್ನೆ ಮೋರಿಗೆ ಚೆಲ್ಲಿಬಿಡೋಣ."

"ಚೆಲ್ಲೋಕೆ ಆಗಲ್ಲಮ್ಮ. ಮಾತು ಕೊಟ್ಟಿದೀನಿ."

* * *

ಮಹಾಲಿಂಗಯ್ಯನವರು ಕಣ್ಣಿನ ಆಪರೇಷನ್ನಿಗೆಂದು ಯುಗಾದಿ ಮುಗಿದ ಮೇಲೆ ತಮ್ಮನ ಮನೆಗೆ ಬಂದು ಉಳಿದಿದ್ದರು. ಮಠದ ಒಡನಾಟದ, ಕಡ್ಡಿ ತುಂಡು ಮಾಡಿದಂತೆ ಮಾತಾಡುವ ಹಿರಿಯರು. ಅವರಿರುವ ಮನೆಯಲ್ಲಿ ದ್ರಾಕ್ಷಿ ಬುಸುಗುಟ್ಟುವುದುಂಟೇ? ಉಮಕ್ಕ ಜಾಡಿಯನ್ನು ರಾತ್ರೋರಾತ್ರಿ ಖುರ್ಷಿದಾಳ ಮನೆಗೆ ಸಾಗಿಸಿದ್ದಳು. ಅದಾದ ಸ್ವಲ್ಪ ದಿನಕ್ಕೇ ಎದೆನೋವೆಂದು ಆಸ್ಪತ್ರೆ ಸೇರಿದವಳು ಮತ್ತೆ ಮನೆಗೆ ಬರಲಿಲ್ಲ.

ಮಂಚದ ಮೇಲೆ ಒರಗಿಕೊಂಡೇ ವಿಚಾರಿಸುತ್ತಿದ್ದಳು. "ಸೋಸಿ ಬಾಟ್ಲಿಗೆ ಹಾಕಿದ್ಯಾ? ಬಿರಡೆ ಬಿಗಿಯಾಗಿ ಹಾಕು. ಗಾಳಿ ಆಡಿದ್ರೆ ಕೆಡ್ತದೆ."

"ಹೂಂ ಉಮಕ್ಕ, ಹಾಕಿದೀನಿ."

ಹಾಕಿರಲಿಲ್ಲ. ಸೋಸಬೇಕೆಂದರೆ ಕೈ ಅದ್ದಬೇಕು. ಮನೆಯೊಳಗೆ ಇಟ್ಟುಕೊಂಡದ್ದೇ ಹೆಚ್ಚು, ಇನ್ನು ಕೈಯಿಂದ ಮುಟ್ಟುವುದೆಂತು ಎಂದು ಅವಳು ಆ ಕಡೆ ಸುಳಿದೇ ಇರಲಿಲ್ಲ. ತೆಳು ಬಟ್ಟೆ ಕಟ್ಟಿದ ಜಾಡಿ ಮೆಟ್ಟಿಲ ಕೆಳಗೆ ಹಾಗೇ ಕೂತಿತ್ತು.

ಶುಕ್ರವಾರ ಉಮಕ್ಕ ಅವಳ ಕೈ ಹಿಡಿದುಕೊಂಡಿದ್ದಳು. "ಎಲ್ರಿಗೂ ಫೋನ್ ಮಾಡಿ ಹೇಳ್ಬುಟ್ಟಿದೀನಿ. ನಾನು ಬರೋಕಾಗ್ದಿದ್ರೂ ಭಾನುವಾರ ತಪ್ಪಿಸ್ಬೇಡ. ನಿನ್ನ ಕೈಯಾಗೇ ಕೊಡು ಖುರ್ಷಿದಾ."

"ನೀನೇ ಬಂದು ಕೊಡುವಂತೆ, ಸುಮ್ನಿರು."

"ಕೊಡ್ತೀಯಾ ಇಲ್ವಾ?"

"ಕೊಡ್ತೀನಿ."

ಶನಿವಾರ ಹೋಗಿಬಿಟ್ಟಳು.

* * *

ಖುರ್ಷಿದಾ ಮೆಟ್ಟಿಲ ಕೆಳಗೆ ಕೂತು, ಬಿಸ್ಮಿಲ್ಲಾ ಎನ್ನಬೇಕೋ ಬೇಡವೋ ತಿಳಿಯದೆ, ಜಾಡಿಯ ದಾರ ಬಿಚ್ಚಿದಳು. ಮೇಲೆ ತೆಳ್ಳನೆ ಕೆನೆಯಂಥದೇನೋ ಕಟ್ಟಿತ್ತು. ಬಗ್ಗಿ ಉಸಿರೆಳೆದಳು. ಏನೂ ತಿಳಿಯಲಿಲ್ಲ. ಅಳುವಿನಿಂದ ಕಟ್ಟಿದ ಮೂಗು ಜಪ್ಪಯ್ಯ ಎಂದರೂ ಬಿಡಲಿಲ್ಲ. ಇಷ್ಟು ವರ್ಷ ತಾನು ಉಮಕ್ಕನಿಗೆ ಮಾಡಿಕೊಟ್ಟಿದ್ದ ಕೆಲಸ ಅದೊಂದೇ. ಇವತ್ತು ಅದೂ ಕೈಕೊಟ್ಟಿತು.

"ಏನದು?"

ಇಸಾಕ್ ಸಾಬರು ಬಾಗಿಲಲ್ಲಿ ನಿಂತಿದ್ದರು. ಮೂರು ಹಿಡಿ ಮಣ್ಣು ಹಾಕಿ, ನಮಾಜಿನ ಹೊತ್ತಿಗೆಂದು ಎಲ್ಲರಿಗಿಂತ ಮೊದಲೇ ಹಿಂದಿರುಗಿದ್ದರು. ಖುರ್ಷಿದಾ ಎದ್ದು ನಿಂತಳು. ಮನೆಯಲ್ಲಿ ಆಡುವ ಉರ್ದುವಿನಲ್ಲಿ, ತಡವರಿಸದೆ, ಎಲ್ಲವನ್ನೂ ಹೇಳಿಬಿಟ್ಟಳು. "ಉಪ್ಪಿನಕಾಯಿ ಅಂದದ್ದು ಸುಳ್ಳು. ಇದು ಉಮಕ್ಕ ಮಾಡಿದ ಹೆಂಡ. ಇವತ್ತು ಎಲ್ಲರಿಗೂ ಕೊಡ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೆ."

ಇಸಾಕ್ ಸಾಬರ ಮುಖ ಬಿಗಿಯಿತು. "ನಾನು ನಮಾಜು ಮಾಡೋ ಮನೆ ಇದು, ಖುರ್ಷಿದಾ."

"ಗೊತ್ತು."

ಅವರು ಎತ್ತಿ ಹೊರಗೆ ಹಾಕುವವರಂತೆ ಜಾಡಿಗೆ ಬಗ್ಗಿದವರು, ತಟ್ಟನೆ ಮುಖ ತಿರುಗಿಸಿ ಮೂರು ಸಲ ಸೀನಿದರು. ಕಣ್ಣಲ್ಲಿ ನೀರು ಬಂತು. ಮತ್ತೊಮ್ಮೆ ಬಗ್ಗಿ ಮೂಸಿದರು.

"ಇದಕ್ಕೆ ಹೆಂಡ ಅಂತೀಯಾ? ಇದು ಸಿರ್ಕಾ, ವಿನೆಗರ್. ಪೂರ್ತಿ ಹುಳಿಯಾಗಿ ಹೋಗಿದೆ. ನಿನ್ನ ಮೂಗಿಗೆ ಏನಾಯ್ತು?"

ಖುರ್ಷಿದಾ ಗೋಡೆಗೆ ಒರಗಿದಳು. "ಸೋಸು ಅಂದಿದ್ದಳು, ನಾನು ಮುಟ್ಟಲಿಲ್ಲ. ಬಾಯಿ ಕಟ್ಟು ಅಂದಿದ್ದಳು, ಅದನ್ನೂ ಮಾಡಲಿಲ್ಲ. ಅವಳ ಕೊನೇ ಜಾಡಿಯನ್ನು ನಾನೇ ಕೈಯಾರೆ ಹಾಳು ಮಾಡಿದೆ."

ಅವಳು ಬಿಕ್ಕುವುದನ್ನು ಇಸಾಕ್ ಸಾಬರು ನೋಡುತ್ತಾ ನಿಂತರು. ಆಮೇಲೆ ಚಮಚ ತಂದು ಒಂದು ತೊಟ್ಟು ನಾಲಿಗೆಗೆ ಬಿಟ್ಟುಕೊಂಡು ಚಪ್ಪರಿಸಿದರು.

"ಹಾಳಾಗಿಲ್ಲ. ತಾನಾಗೇ ಸಿರ್ಕಾ ಆದಮೇಲೆ ಅದು ಹೆಂಡ ಅಲ್ಲ. ನಮಗೂ ಹಲಾಲ್, ಅವರ ಮನೆಯವರಿಗೂ ಅಡ್ಡಿಯಿಲ್ಲ." ಚಮಚ ಕೆಳಗಿಟ್ಟರು. "ಸೌತೆಕಾಯಿ ಇದ್ದರೆ ಹೆಚ್ಚು. ಆ ಬಿಸಿಲಲ್ಲಿ ಮಣ್ಣು ಮಾಡಿ ಬರ್ತಾರೆ, ನಾಲಿಗೆ ಒಣಗಿರುತ್ತೆ. ಇನ್ನೊಂದು ಸಲ ನನಗೆ ಸುಳ್ಳು ಹೇಳಬೇಡ."

ಹೇಳಿ, ಕೈಕಾಲು ತೊಳೆಯಲು ಹೋದರು.

* * *

ವ್ಯಾನು ಹಿಂದಿರುಗಿದಾಗ ನಾಲ್ಕರ ಆಸುಪಾಸು. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎಲ್ಲರೂ ಸುಸ್ತಾಗಿ ಕುಳಿತರು. ಇಸಾಕ್ ಸಾಬರೂ ಬಂದು ಅವರ ಜೊತೆ ಕೂತರು. ಖುರ್ಷಿದಾ ದೊಡ್ಡ ಬೋಗುಣಿ ಹಿಡಿದು ಬಂದಳು. ಹಿಂದೆ ಕೋಮಲಾ ತಟ್ಟೆಗಳನ್ನು ತಂದಳು. ಸೌತೆಕಾಯಿ, ಈರುಳ್ಳಿ, ಉಪ್ಪು, ಒಂದಿಷ್ಟು ಬೆಲ್ಲ. ಮೇಲೆ ಸೋಸಿ ಹಾಕಿದ ಸಿರ್ಕಾದಿಂದ ಸೌತೆಕಾಯಿ ಹೋಳುಗಳ ಅಂಚು ತಿಳಿಗೆಂಪಾಗಿತ್ತು.

ಕಪ್ಪು ಕನ್ನಡಕದ ಮಹಾಲಿಂಗಯ್ಯನವರು ತಟ್ಟೆಯನ್ನು ದಿಟ್ಟಿಸಿದರು. "ಏನಮ್ಮ ಇದು?"

ಬೀದಿಯ ಹೆಂಗಸರು ಉಸಿರು ಬಿಗಿಹಿಡಿದರು.

"ಸೌತೆಕಾಯಿ, ಅಯ್ಯನೋರೆ. ದ್ರಾಕ್ಷಿ ಹುಳಿ ಹಾಕಿದೀನಿ. ಉಮಕ್ಕನೇ ಮಾಡಿಟ್ಟಿದ್ದು."

ಬೇಯಿಸಿದ್ದಲ್ಲ, ಹಸಿಯದು ಎಂಬ ಧೈರ್ಯಕ್ಕೋ, ಬಿಸಿಲಿನ ಬಳಲಿಕೆಗೋ, ಅವರು ಒಂದು ಹೋಳು ಬಾಯಿಗಿಟ್ಟುಕೊಂಡರು. ಅಗಿದರು. ಇನ್ನೊಂದು ತೆಗೆದುಕೊಂಡರು.

"ನಮ್ಮ ಉಮಾಗೆ ಇದೆಲ್ಲ ಮಾಡೋಕೆ ಬರ್ತಿತ್ತಾ? ಇಷ್ಟು ದಿನ ಇಲ್ಲೇ ಇದ್ದೆ, ಒಂದಿನಾನೂ ಬಡಿಸ್ಲಿಲ್ವಲ್ಲ," ಎಂದು ತಟ್ಟೆ ಮುಂದೆ ಚಾಚಿದರು. "ಇನ್ನೊಂಚೂರು ಹಾಕಮ್ಮ."

ಶಶಿಕಲಾ ಕೆಮ್ಮಿದಳು. ಕೋಮಲಾ ನೆಲ ನೋಡಿದಳು.

ಮಹಾದೇವಯ್ಯ ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಉಗುರುಗಳಲ್ಲಿ ಇನ್ನೂ ಮಣ್ಣಿತ್ತು. ಒಂದು ಹೋಳು ಬಾಯಿಗೆ ಹೋದದ್ದೇ ಅಗಿಯುವುದು ನಿಂತಿತು. ಖುರ್ಷಿದಾಳ ಕಡೆ ನೋಡಿದರು.

"ಅದೇನಾ?"

"ಹೂಂ ಅಣ್ಣ. ಹುಳಿ ಆಗೋಯ್ತು."

ಅವರು ನಿಧಾನಕ್ಕೆ ಅಗಿದು ನುಂಗಿದರು. "ಪ್ರತಿವರ್ಷ ಈ ದಿನ ನಾನು ಗುಬ್ಬಿಗೆ ಹೋಗ್ತಿದ್ದೆ," ಎಂದರು. "ಈ ಸಲಾನೂ ಗುಬ್ಬಿಗೇ ಹೋಗ್ಬಂದೆ ನೋಡಮ್ಮ." ತಲೆ ತಗ್ಗಿಸಿಕೊಂಡು ತಟ್ಟೆಯಲ್ಲಿದ್ದುದನ್ನೆಲ್ಲ ತಿಂದರು.

ಎಲ್ಲರಿಗೂ ಕೊಟ್ಟಾಗಿತ್ತು. "ಆಂಟಿ, ನೀವು?" ಎಂದು ಕೋಮಲಾ ಒಂದು ತಟ್ಟೆಯನ್ನು ಅವಳ ಕೈಗಿಟ್ಟಳು.

ಖುರ್ಷಿದಾ ಮೆಟ್ಟಿಲ ಮೇಲೆ ಕುಳಿತು ಒಂದು ಹೋಳನ್ನು ಬಾಯಿಗಿಟ್ಟಳು. ಹುಳಿ ನೆತ್ತಿಗೇರಿತು, ಮುಖ ಕಿವುಚಿತು. ಹುಳಿ ಇಳಿಯುತ್ತಿದ್ದಂತೆ ದ್ರಾಕ್ಷಿಯ ಒಗರು ಬಂತು. ಅದರ ಹಿಂದೆ, ನಾಲಿಗೆಯ ತುದಿಗೆ, ಲವಂಗ.

"ಹೆಂಗಿದೆ?" ಕೋಮಲಾ ಪಿಸುಗುಟ್ಟಿದಳು.

ಅವಳು ಉಳಿದ ಹೋಳುಗಳನ್ನು ಒಂದೊಂದಾಗಿ ತಿಂದಳು. ಆಮೇಲೆ, ಎರಡು ಮನೆಯ ಹಿರಿಯರೂ ನೋಡುತ್ತಿರುವಂತೆಯೇ, ಎರಡು ಕೈಯಲ್ಲೂ ತಟ್ಟೆಯನ್ನೆತ್ತಿ ತುಟಿಗಿಟ್ಟುಕೊಂಡು, ತಳದಲ್ಲಿ ನಿಂತಿದ್ದ ಕೆಂಪು ರಸವನ್ನು ಕೊನೆಯ ಹನಿಯವರೆಗೂ ಕುಡಿದಳು.