ಈಗ ಕೊಳಲು

ಇಂಥದ್ದಕ್ಕೆಲ್ಲ ಯಾರಾದರೂ ಮದುವೆಯಾಗುತ್ತಾರಾ ಎಂದು ಕೇಳಬೇಡಿ. ಅವಳು ಆಗಿದ್ದಳು. ಅಪ್ಪ ನೋಡಿಟ್ಟಿದ್ದ ಸಂಬಂಧವನ್ನು ಒಲ್ಲೆ ಎಂದು, ಅಮ್ಮನ ಕಣ್ಣೀರಿಗೂ ಜಗ್ಗದೆ, ಕನ್ನಡಕದ ಅಂಗಡಿಯವನೊಬ್ಬನ ಕೈ ಹಿಡಿದದ್ದು ಒಂದು ಹೊಡೆದಾಟದ ಸಿನಿಮಾದಲ್ಲಿ ಕೇಳಿಬಂದ ಕೊಳಲಿನ ದೆಸೆಯಿಂದ.

ಅದು ಒಂದು ಸರಣಿಯ ಎರಡನೆಯ ಭಾಗ. ನಾಯಕ ಬೀಗ ರಿಪೇರಿಯವನು. ಪ್ರತಿ ಭಾಗದಲ್ಲೂ ಯಾರೋ ಅವನಿಂದ ತೆರೆಯಬಾರದ ಬಾಗಿಲೊಂದನ್ನು ತೆರೆಸುತ್ತಾರೆ, ಆಮೇಲೆ ಊರಿಗೆ ಊರೇ ಅವನ ಬೆನ್ನು ಹತ್ತುತ್ತದೆ. ಕಥೆಯಲ್ಲಿ ಹುರುಳಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳು ಹೋಗುತ್ತಿದ್ದದ್ದು ಹಿನ್ನೆಲೆ ಸಂಗೀತಕ್ಕೆ. ಐದೇ ಸ್ವರಗಳ ಒಂದು ಪುಟ್ಟ ಧಾಟಿ ಎಲ್ಲ ಭಾಗಗಳಲ್ಲೂ ಬರುತ್ತಿತ್ತು, ಪ್ರತಿ ಸಲ ಬೇರೆ ವೇಷದಲ್ಲಿ. ಮೊದಲನೆಯದರಲ್ಲಿ ತುತ್ತೂರಿಗಳು ಅದನ್ನು ಊದಿ ಊದಿ ಕಿವಿ ತೂತು ಮಾಡಿದ್ದವು. ಎರಡನೆಯದರಲ್ಲಿ, ಬಾಗಿಲು ಒಡೆಯುವ ಗದ್ದಲ ಮುಗಿದು ಧೂಳು ಕೆಳಗಿಳಿಯುವಾಗ, ಪಿಟೀಲುಗಳು ನಾಲ್ಕು ಸ್ವರ ಹೇಳಿ ಸುಮ್ಮನಾದವು. ಐದನೆಯದು ಬರಲೇ ಇಲ್ಲ. ಅವಳು ಉಸಿರು ಬಿಗಿಹಿಡಿದು ಕಾದಳು. ಆಗ ಪಕ್ಕದ ಸೀಟಿನ ಅಪರಿಚಿತ ತನಗೆ ತಾನೇ ಹೇಳಿಕೊಂಡಂತೆ, "ಈಗ ಕೊಳಲು" ಅಂದ. ಕೊಳಲು ಬಂತು.

ವಿರಾಮದಲ್ಲಿ ಅವಳೇ ಮೇಲೆ ಬಿದ್ದು ಮಾತಾಡಿಸಿದಳು. "ಕೊಳಲು ಬರುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಅಷ್ಟು ಗಲಾಟೆ ಆದ್ಮೇಲೆ ಇನ್ನೇನು ತಾನೇ ಬರಬೇಕು?" ಅಂದ ಅವನು, ಅದೇನು ಮಹಾ ಎನ್ನುವ ಹಾಗೆ.

ಅವಳಿಗೆ ಆ ಮಾತೇ ಸಾಕಾಯಿತು. ಹುಟ್ಟಿದ ಮನೆಯಲ್ಲಿ ಎಲ್ಲರೂ ಸಿನಿಮಾ ನೋಡುವವರೇ, ಕೇಳುವವರು ಒಬ್ಬರೂ ಇರಲಿಲ್ಲ. "ಅಲ್ಲಿ ಮ್ಯೂಸಿಕ್ ಹೇಗಿತ್ತು ನೋಡಿದೆಯಾ" ಎಂದರೆ ಅಕ್ಕ, "ಮ್ಯೂಸಿಕ್ ಎಲ್ಲಿತ್ತೇ, ಬರೀ ಹೊಡೆದಾಟ ಇತ್ತಲ್ಲ" ಎನ್ನುತ್ತಿದ್ದಳು. ಇಲ್ಲೊಬ್ಬ ತನ್ನ ಹಾಗೆ ಕೇಳುವವನು ಸಿಕ್ಕಿದ್ದ. ಆ ಕೊಳಲಿನ ಕಥೆಯನ್ನು ಅವಳು ಮದುವೆಯ ದಿನ ಬಂದವರಿಗೆಲ್ಲ ಹೇಳಿದಳು, ಆಮೇಲೂ ಹೇಳುತ್ತಲೇ ಬಂದಳು. ಅವನು ಪಕ್ಕದಲ್ಲಿ ನಿಂತು ನಾಚಿಕೊಳ್ಳುತ್ತಿದ್ದ. ಅದನ್ನೂ ಅವಳು ವಿನಯ ಎಂದುಕೊಂಡಿದ್ದಳು.

ಮುಂದಿನ ಭಾಗಗಳು ಬಿಡುಗಡೆಯಾದಾಗಲೆಲ್ಲ ಮೊದಲ ದಿನ ಸಂಜೆಯ ಆಟಕ್ಕೆ ಇಬ್ಬರೂ ಜೊತೆಯಾಗಿ ಹೋಗಬೇಕು, ಅದು ಕಟ್ಟುನಿಟ್ಟು. ಬೆನ್ನಟ್ಟುವ ದೃಶ್ಯ ಬಂತೆಂದರೆ ಇಬ್ಬರೂ ಕಣ್ಣು ಮುಚ್ಚಬೇಕು. ಅವನು ಅವಳ ಮುಂಗೈ ಮೇಲೆ ತೋರುಬೆರಳಿನಿಂದ ತಾಳ ಹಾಕಬೇಕು. ದುಡ್ಡು ಕೊಟ್ಟು ಒಳಗೆ ಬಂದು ಕಣ್ಣು ಮುಚ್ಚಿ ಕೂರುವ ಇವರನ್ನು ಕಂಡು ಟಾರ್ಚ್ ಹಿಡಿದವನು, ನಿದ್ದೆಗೆ ಮನೆಯೇ ಸಾಲದೇ ಎಂದು ನಗುತ್ತಿದ್ದ.

ಆಟ ಬಿಟ್ಟ ಮೇಲೆ ಬಸ್ಸು ಹತ್ತದೆ ನಡೆದೇ ಮನೆಗೆ ಬರುವುದು, ದಾರಿಯುದ್ದಕ್ಕೂ ಒಂದಕ್ಕೊಂದು ಹೋಲಿಸುವುದು. ಮೂರನೆಯದರಲ್ಲಿ ಛಾವಣಿಯಿಂದ ಛಾವಣಿಗೆ ಜಿಗಿಯುವಾಗ ಬರೀ ಒಂದು ನಗಾರಿ, ಅದರಡಿಯಲ್ಲಿ ಆ ಐದು ಸ್ವರ ಯಾರೋ ಗುನುಗಿದಷ್ಟು ಸಣ್ಣಗೆ. ನಾಲ್ಕನೆಯದು ಮಹಾ ಆಡಂಬರ, ನೂರು ಜನರ ವಾದ್ಯವೃಂದ ಸೇರಿ ಒಂದು ಕಾರು ಓಡಿಸುವುದಕ್ಕೆ ತಿಣುಕಿತ್ತು. ಐದನೆಯದನ್ನು ಕಂಪ್ಯೂಟರಿನಲ್ಲೇ ಬೇಯಿಸಿದ್ದರು, ಉಪ್ಪು ಖಾರ ಎರಡೂ ಇರಲಿಲ್ಲ. ಒಟ್ಟಿನಲ್ಲಿ ಮೂರನೆಯದಕ್ಕೆ ಸಾಟಿಯಿಲ್ಲ ಎಂದು ಇಬ್ಬರ ತೀರ್ಮಾನ. ವಿಚಿತ್ರವೆಂದರೆ ಅವಳು ಬಾಯಿ ತೆರೆಯುವ ಮೊದಲೇ ಅವಳ ಮನಸ್ಸಿನಲ್ಲಿದ್ದ ಮಾತು ಅವನ ಬಾಯಿಂದ ಬಂದುಬಿಡುತ್ತಿತ್ತು. ಜಗಳಕ್ಕೆ ಆಸ್ಪದವೇ ಇಲ್ಲದ ಈ ಚರ್ಚೆ ಅವಳಿಗೆ ಹಬೆಯಾಡುವ ನೀರಿನ ಸ್ನಾನದಷ್ಟು ಹಿತವಾಗಿತ್ತು.

ಅವನ ಅಂಗಡಿಯಲ್ಲೂ ಹೀಗೇ. ಗಿರಾಕಿ ಕನ್ನಡಿಯ ಮುಂದೆ ಒಂದಾದ ಮೇಲೊಂದು ಫ್ರೇಮ್ ಹಾಕಿ ತೆಗೆಯುತ್ತಿದ್ದರೆ ಅವನು ಫ್ರೇಮನ್ನು ನೋಡುತ್ತಿರಲಿಲ್ಲ, ಕನ್ನಡಿಯೊಳಗಿನ ಮುಖ ನೋಡುತ್ತಿದ್ದ. ಯಾವುದಕ್ಕೆ ಹುಬ್ಬು ಒಂದಿಷ್ಟು ಸಡಿಲವಾಯಿತೋ ಅದನ್ನು ತೋರಿಸಿ, "ಇದು ನಿಮಗೇ ಅಂತ ಮಾಡಿಸಿದ ಹಾಗಿದೆ" ಎನ್ನುತ್ತಿದ್ದ. ಗಿರಾಕಿಗಳು ಹಿರಿಹಿರಿ ಹಿಗ್ಗಿ ಕೊಂಡುಹೋಗುತ್ತಿದ್ದರು.

ಅವಳದು ಕಿವಿಯ ಕೆಲಸ. ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡುತ್ತಿದ್ದಳು. ಬಂದವರನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, "ಶಬ್ದ ಕೇಳಿಸಿದಾಗ ಮಾತ್ರ ಒತ್ತಿ" ಎನ್ನುವುದು. ಒತ್ತಿದಾಗ ಹೊರಗೆ ಅವಳ ಯಂತ್ರದ ಮೇಲೆ ಸಣ್ಣ ದೀಪ ಹತ್ತುತ್ತದೆ. ಕಿವುಡನ್ನು ಒಪ್ಪಿಕೊಳ್ಳಲಾರದವರು ಅಂದಾಜಿನ ಮೇಲೆ ಒತ್ತುತ್ತಾರೆ. ಅಂಥವರಿಗೆ ಅವಳು ಒಂದಿಷ್ಟು ಹೊತ್ತು ಏನೂ ಕಳಿಸುತ್ತಿರಲಿಲ್ಲ. ಆದರೂ ದೀಪ ಹತ್ತುತ್ತಿತ್ತು, ಬಣ್ಣ ಬಯಲಾಗುತ್ತಿತ್ತು. ಪರೀಕ್ಷೆ ಮಾಡುವವಳ ಕೈ ಕಾಣಬಾರದೆಂದು ಒಳಗಿನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಯೇ ಇಡುತ್ತಿದ್ದರು.

ಆರನೆಯ ಭಾಗ ಬಂದದ್ದು ಬಹಳ ವರ್ಷ ತಡವಾಗಿ. ಅವಳು ರಜೆ ಕೇಳಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟಳು. ಸುರಂಗದೊಳಗೆ ಬೆನ್ನಟ್ಟುವ ದೃಶ್ಯ ಬಂದಾಗ ಕಣ್ಣು ಮುಚ್ಚಿದಳು. ಅವನ ಬೆರಳು ಮುಂಗೈ ಮೇಲೆ ಓಡತೊಡಗಿತು. ನಗಾರಿ ಏರಿತು, ಇನ್ನೂ ಏರಿತು, ಮತ್ತೆ ಯಾವ ಸೂಚನೆಯೂ ಇಲ್ಲದೆ, ಪೆಟ್ಟಿನ ನಡುವೆಯೇ ನಿಂತುಹೋಯಿತು. ಹಾಲ್ ತುಂಬ ಮೌನ. ಆ ಮೌನದಲ್ಲಿ ಅವಳ ಹಿಮ್ಮಡಿ ಒಂದು ಪೆಟ್ಟು ಹೆಚ್ಚಿಗೆ ಹೊಡೆದುಬಿಟ್ಟಿತು. ಹಿಂದಿನ ಸಾಲಿನಲ್ಲಿ ತಾಳ ಹಾಕುತ್ತಿದ್ದ ಯಾರದೋ ಕಾಲೂ ಹೀಗೇ ಎಡವಿತು.

ಅವನ ಬೆರಳು ಎಡವಲಿಲ್ಲ. ನಗಾರಿ ನಿಲ್ಲುವುದಕ್ಕಿಂತ ಒಂದು ಕ್ಷಣ ಮೊದಲೇ ಅದು ಮೇಲೆದ್ದು ಗಾಳಿಯಲ್ಲಿ ಕಾಯುತ್ತಿತ್ತು.

ಮುಂದಿನದು ಯಾವುದೂ ಅವಳ ಕಿವಿಗೆ ಹೋಗಲಿಲ್ಲ. ಹೊರಗೆ ಬಂದು, ಪೆಟ್ರೋಲ್ ಬಂಕ್ ದಾಟಿ, ಮುಚ್ಚಿದ ಅಂಗಡಿಗಳ ಸಾಲಿಗೆ ಬಂದ ಮೇಲೆ ಕೇಳಿದಳು.

"ರೀ, ಇದನ್ನ ಮೊದಲೇ ನೋಡಿದ್ರಾ?"

"ಇವತ್ತು ತಾನೇ ಬಂದಿದೆಯಲ್ಲೇ."

"ಬೆಳಿಗ್ಗೆ ಆಟ ಇತ್ತು."

ಅವನು ಚಪ್ಪಲಿಯೊಳಗೆ ಕಲ್ಲು ಸೇರಿದವನಂತೆ ಬಗ್ಗಿದ. ಕಲ್ಲೇನೂ ಇರಲಿಲ್ಲ. "ನೋಡಿದ್ದೆ," ಅಂದ.

"ಯಾರ ಜೊತೆ?"

"ಯಾರೂ ಇಲ್ಲ, ಒಬ್ಬನೇ. ನಿನ್ನಾಣೆ."

ಯಾರೋ ಇದ್ದರು ಎಂದಿದ್ದರೆ ಕೂಗಾಡಿಯಾದರೂ ಹಗುರಾಗಬಹುದಿತ್ತು. "ಐದನೇದು?" ಎಂದಳು. ಅವನು ಹೌದೆಂದು ತಲೆಯಾಡಿಸಿದ. "ಮೂರು, ನಾಲ್ಕು?" ಅವಕ್ಕೂ ತಲೆಯಾಡಿಸಿದ. ಎರಡನೆಯದರ ಬಗ್ಗೆ ಅವಳು ಕೇಳಲಿಲ್ಲ. ಅವನೇ ಹೇಳಿದ.

"ಅವತ್ತು ಬೆಳಿಗ್ಗೆ ನೋಡಿದ್ದೆ ಕಣೇ. ಸುಮ್ನೆ ಬಾಯಿಗೆ ಬಂತು, ಅಂದೆ. ನೀನು ನನ್ನನ್ನ ದೇವರ ಥರ ನೋಡಿದೆ. ಆಮೇಲೆ ಅದನ್ನೇ ಊರಿಗೆಲ್ಲ ಹೇಳ್ಕೊಂಡು ಬಂದೆ. ನಾನು ಯಾವಾಗ ಅಂತ ಬಾಯಿ ಬಿಡಲಿ?"

"ಇಷ್ಟು ವರ್ಷದಲ್ಲಿ ಒಂದು ದಿನ ಸಿಗಲಿಲ್ವಾ?"

"ಪ್ರತಿ ಸಲಾನೂ ಹೇಳೋಣ ಅಂತಾನೇ ಹೊರಡ್ತಿದ್ದೆ. ಅಷ್ಟರಲ್ಲಿ ನೀನು ಕಣ್ಣು ಮುಚ್ಚಿ ಕೈ ಚಾಚ್ತಿದ್ದೆ."

ಅವಳು ಮುಂದೆ ನಡೆದಳು. ಅಪ್ಪ ಸಾಯುವ ತನಕ ತನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅದೂ ಈ ಕೊಳಲಿಗಾಗಿ. ಆ ಕೊಳಲು ಮಧ್ಯಾಹ್ನದೊಳಗೇ ಹಳಸಿದ್ದ ಸುದ್ದಿ. ಅವನು ಮೋಸ ಮಾಡಿದ್ದ, ಅದಕ್ಕೆ ಬೇರೆ ಹೆಸರಿಲ್ಲ.

ಅವನು ಹಿಂದೆಯೇ ದಾಪುಗಾಲು ಹಾಕುತ್ತಾ ಬಂದ. "ಮೊದಲೇ ನೋಡಿದ್ದು ತಪ್ಪು, ಒಪ್ಪಿದೆ. ಹಾಗಂತ ಕೇಳಿದ್ದೂ ಸುಳ್ಳಾಗುತ್ತಾ? ಮೂರನೇದು ನನಗೂ ನಿಜವಾಗಿ ಇಷ್ಟ ಕಣೇ. ಬೇಕಾದ್ರೆ ನನ್ನ ಕಿವೀನ ನಿನ್ನ ಮಶೀನಿಗೆ ಹಾಕಿ ನೋಡು."

ತಮಾಷೆಗೆ ಅಂದದ್ದು. ಆದರೆ ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲೇ ನೋಡಿರಲಿ, ಹಾಳಾಗಿ ಹೋಗಲಿ. ಕೇಳಿದ್ದು ನಿಜವಾದರೆ, ಆ ದಾರಿಯುದ್ದದ ಮಾತುಗಳಲ್ಲಿ ಅವನದೂ ಅಂತ ಒಂದು ಪಾಲಿದ್ದರೆ, ಉಳಿದದ್ದನ್ನು ಹೇಗೋ ನುಂಗಿಕೊಳ್ಳಬಹುದು. ಇಲ್ಲವಾದರೆ ಇಷ್ಟು ವರ್ಷ ತಾನು ಒಬ್ಬಳೇ ಮಾತಾಡಿಕೊಂಡು ಮನೆಗೆ ಬರುತ್ತಿದ್ದೆ ಅಂತಾಯಿತು.

ಭಾನುವಾರ ಬೆಳಿಗ್ಗೆ ಕಾವಲಿನವನಿಂದ ಬೀಗದ ಕೈ ಪಡೆದು ಅವನನ್ನು ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದಳು. ಹೆಡ್‌ಫೋನ್ ಹಾಕಿ, ಗುಂಡಿ ಕೊಟ್ಟು, ಎಲ್ಲರಿಗೂ ಹೇಳುವುದನ್ನೇ ಹೇಳಿ ಹೊರಗೆ ಬಂದು ಕೂತಳು. ಸಣ್ಣ ಶಬ್ದ ಕಳಿಸಿದಳು, ದೀಪ ಹತ್ತಿತು. ಇನ್ನೂ ಸಣ್ಣದಕ್ಕೂ ಹತ್ತಿತು. ಕಿವಿಯಲ್ಲಿ ಒಂದಿಷ್ಟೂ ದೋಷವಿರಲಿಲ್ಲ. ಅವಳಿಗೆ ಸಮಾಧಾನದ ಉಸಿರು ಬಂತು, ತಲೆಯೆತ್ತಿ ಗಾಜಿನಾಚೆ ನೋಡಿದಳು.

ಅವನು ಕುರ್ಚಿಯನ್ನು ಗೋಡೆಯಿಂದ ಈ ಕಡೆಗೆ ತಿರುಗಿಸಿಕೊಂಡು ಕೂತಿದ್ದ. ಕಣ್ಣು ಅವಳ ಭುಜದ ಮೇಲಿತ್ತು.

ಅವಳು ಶಬ್ದದ ಸ್ವಿಚ್ ಆರಿಸಿದಳು. ಆಮೇಲೆ ಶಬ್ದ ಕಳಿಸುವಾಗ ಭುಜ ಎಷ್ಟು ಅಲುಗುತ್ತದೋ ಅಷ್ಟೇ ಅಲುಗಿಸಿದಳು. ದೀಪ ಹತ್ತಿತು. ಸ್ವಲ್ಪ ತಡೆದು ಮತ್ತೊಮ್ಮೆ ಅಲುಗಿಸಿದಳು. ಮತ್ತೆ ಹತ್ತಿತು. ಒಳಗೆ ಅವನು ಮುಗುಳ್ನಗುತ್ತಿದ್ದ, ಗಿರಾಕಿಗೆ ಸರಿಯಾದ ಫ್ರೇಮ್ ಹುಡುಕಿಕೊಟ್ಟಾಗ ನಗುವ ಹಾಗೆ. ಕಣ್ಣು ಮುಚ್ಚಿದ ತನ್ನ ಮುಖವನ್ನು ಅವನು ಕತ್ತಲೆಯಲ್ಲಿ ಅದೆಷ್ಟು ಹೊತ್ತು ಹೀಗೆ ನೋಡಿರಬಹುದು ಎಂದು ಅವಳಿಗೆ ಆಗ ಹೊಳೆಯಿತು.

ಅವನು ಹೊರಗೆ ಬಂದ. "ಹೇಗಿದೆ?"

"ಕಿವಿ ಚೆನ್ನಾಗಿದೆ."

"ನಾನು ಹೇಳಲಿಲ್ವಾ?"

ಅವಳು ಅವನಿಗೆ ಬೆನ್ನು ಹಾಕಿ ಹೆಡ್‌ಫೋನಿನ ತಂತಿ ಸುತ್ತತೊಡಗಿದಳು. ಆರನೆಯದರ ಬಗ್ಗೆ ಇಬ್ಬರೂ ಇನ್ನೂ ಒಂದು ಮಾತೂ ಆಡಿರಲಿಲ್ಲ.

"ಆರನೇದರ ಮ್ಯೂಸಿಕ್ ನಿಮಗೆ ಹಿಡಿಸ್ತಾ?" ಎಂದು ಗೋಡೆಯನ್ನು ನೋಡುತ್ತಲೇ ಕೇಳಿದಳು. "ಎರಡು ಸಲ ಕೇಳಿದ್ದೀರಲ್ಲ."

ಅವನು ಒಂದು ಹೆಜ್ಜೆ ಎಡಕ್ಕೆ ಇಟ್ಟ. ಅವಳೂ ಅಷ್ಟೇ ಆಚೆಗೆ ತಿರುಗಿಕೊಂಡಳು. ಅವನು ಮೇಜನ್ನು ಬಳಸಿ ಈಚೆಗೆ ಬಂದು, ಬಗ್ಗಿ, ಅವಳ ಮುಖ ಕಾಣುತ್ತದೆಯೇ ಎಂದು ನೋಡುತ್ತಾ ಕೇಳಿದ:

"ನಿನಗೆ?"