ಟ್ರಾಮ್ ಹೊತ್ತವನು

ಮೆಲ್ಬರ್ನ್ ಪಟ್ಟಣ ಹಿಮದಲ್ಲಿ ಹೂತುಹೋದ ದಿನ, ಐವತ್ತು ಜನರಿದ್ದ ಟ್ರಾಮನ್ನು ಹೆಗಲ ಮೇಲೆ ಹೊತ್ತು ಡಾಕ್‌ಲ್ಯಾಂಡ್ಸ್ ದಾಟಿಸಿದವನು ಈ ಇಂದ್ರೇಶ. ಸೊಂಟದುದ್ದ ಹಿಮ. ಒಳಗಿದ್ದ ಬ್ಯಾಂಕಿನವರು ಲ್ಯಾಪ್‌ಟಾಪ್ ಮುಚ್ಚಿ ನನಗೆ ಕೈಮುಗಿದರು. ಟ್ರಾಮ್ ಇಳಿಸಿದವನೇ ಡ್ಯಾಂಡಿನಾಂಗಿಗೆ ಓಡಿ, ಹಿಮದಲ್ಲಿ ಹೂತಿದ್ದ ಚೆನ್ನುವನ್ನು ಬರಿಗೈಯಲ್ಲಿ ಅಗೆದು ತೆಗೆದೆ. ಅಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಇಷ್ಟನ್ನೂ ನಾನು ಹೇಳಿದ್ದು ಚೆನ್ನುವಿನ ತಾಯಿ ಪುಟ್ಟಮ್ಮನಿಗೆ, ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ, ನಮ್ಮ ಧಣಿ ಪುರುಷೋತ್ತಮನ ಗ್ಯಾರೇಜಿನಲ್ಲಿ ನಿಂತು. ಮಗ ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿದ್ದ ಧಣಿಯ ಕೋಲ್ಡ್ ಸ್ಟೋರೇಜಿನಲ್ಲಿ ನನ್ನೊಂದಿಗೆ ಮೀನಿನ ಪೆಟ್ಟಿಗೆ ಹೊರುತ್ತಿದ್ದ. ತಾಯಿ ವಿಸಿಟರ್ ವೀಸಾದಲ್ಲಿ ಬಂದು ಇಲ್ಲಿ ಹಿತ್ತಲ ನಲ್ಲಿಯ ಕೆಳಗೆ ಪಾತ್ರೆ ತಿಕ್ಕುತ್ತಿದ್ದಳು. ಮೂವರ ಪಾಸ್‌ಪೋರ್ಟೂ ಪುರುಷೋತ್ತಮನ ಬೀರುವಿನಲ್ಲಿ.

ಒಳಗೆ ಪೂಜೆ ನಡೆದಿತ್ತು. "ಸೂತಕದವ್ರು ಒಳಗ್ ಬರ್ಬೇಡಿ" ಎಂದಿದ್ದ ಧಣಿ. ಸೂತಕವಿಲ್ಲದ ದಿನವೂ ನಾವು ಆ ಹೊಸ್ತಿಲು ದಾಟಿದವರಲ್ಲ.

ನನ್ನನ್ನು ಸಿಡ್ನಿಗೆ ಕರೆಸುವ ಮುಂಚೆಯೇ ಅವನು ಫೋನಿನಲ್ಲಿ ಹೇಳಿದ್ದ: "ನಿನ್ ಬಾಯಿ ದೊಡ್ಡದಲ್ವೇನೋ ಬೋಳಿಮಗನೆ? ಹಿಮ, ಬಿರುಗಾಳಿ, ಏನಾದ್ರೂ ಊದು. ಮುದುಕಿ ಹೆಬ್ಬೆಟ್ಟು ಒತ್ತಿದ್ರೆ ಬಾಡಿ ಊರಿಗೆ, ನೀನ್ ಇಲ್ಲೇ ಕಾಯಮ್ಮಾಗ್ ಉಳ್ಯೋ ಪಿಆರ್ ಪೇಪರ್‌ಗೆ ನನ್ ಸೈನ್."

ಕಂಪನಿ ಹೊಣೆಯಲ್ಲ, ಎಲ್ಲೂ ದೂರು ಕೊಡುವುದಿಲ್ಲ ಎಂಬ ಕಾಗದವನ್ನು ಈಗ ಕಾರಿನ ಬಾನೆಟ್ ಮೇಲಿಟ್ಟ. ಪಕ್ಕದಲ್ಲಿ ಶಾಯಿಯ ಡಬ್ಬಿ. "ಆರತಿ ಮುಗಿಸಿ ಬರ್ತೀನಿ. ಅಷ್ಟರಲ್ಲಿ ಒತ್ತಿರ್ಬೇಕು." ರಿಮೋಟ್ ಅದುಮಿದ. ಗ್ಯಾರೇಜಿನ ಬಾಗಿಲು ಗರಗರ ಇಳಿಯಿತು. ಒಳಬಾಗಿಲಿಗೂ ಚಿಲಕ ಬಿತ್ತು.

ಪುಟ್ಟಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಟ್ರಾಮ್ ಎಂಗ್ ಹೊತ್ತೆ ಮಗಾ?"

"ಹಿಂಗೆ ಕಣವ್ವ." ಹೆಗಲು ತೋರಿಸಿದೆ.

"ಅವತ್ತು ಬೆಳಿಗ್ಗೆ ನನ್ ಮಗ ಫೋನಲ್ಲಿ ಮಕ ತೋರ್ಸಿದ್ದ. ಬನೀನು ಬಿಚ್ಚಿ ಗಾಳಿ ಬೀಸ್ಕತಿದ್ದ. 'ಬಿಸ್ಲು ಸುಡ್ತಾ ಅದೆ ಕಣವ್ವ, ಕೆಲಸಕ್ಕೋದ್ರೆ ತಂಪಾಯ್ತದೆ' ಅಂದ." ನನ್ನ ಹೆಗಲನ್ನೇ ನೋಡಿದಳು. "ಹಿಮ ಎಲ್ಲಿತ್ಲಾ?"

ಸೊಂಟದುದ್ದ ಎನ್ನದೆ ಪಾದ ಮುಳುಗುವಷ್ಟು ಎಂದಿದ್ದರೂ ಸಿಕ್ಕಿಬೀಳುತ್ತಿದ್ದೆ. ಒಳಗೆ ಜಾಗಟೆ ಶುರುವಾಯಿತು.

ಅವಳು ಕಾಗದ ಮಗುಚಿ ನನ್ನ ಮುಂದೆ ತಳ್ಳಿದಳು. "ನಂಗೆ ಓದಾಕ್ ಬರಾಕಿಲ್ಲ. ನಿಂಗ್ ಬತ್ತದಲ್ಲ, ನಡೆದದ್ನ ಬರಿ. ಅದಕ್ಕೆ ಒತ್ತೀನಿ."

ಬರೆದೆ. ಓದು ಎಂದಳು, ಓದಿದೆ.

"ಹಿಮ ಇದ್ದದ್ದು ನಿಜ, ಮೈನಸ್ ಇಪ್ಪತ್ತೆರಡು ಡಿಗ್ರಿಯ ಕೋಣೆಯ ಗೋಡೆಗಳಲ್ಲಿ. ಬೆರಳು ಮರಗಟ್ಟಿದಾಗಲೆಲ್ಲ ನಾವು ಹೊರಗೆ ಬಂದು ಬಿಸಿಲಿಗೆ ನಿಲ್ಲುತ್ತಿದ್ದೆವು. ಕಳ್ಳಬೀಳುತ್ತೀರಿ ಎಂದು ಪುರುಷೋತ್ತಮ ಬಾಗಿಲಿನ ಒಳಗಿನ ಹಿಡಿ ಬಿಚ್ಚಿಸಿದ. ಲೋಡ್ ಮುಗಿಯುವವರೆಗೆ ಹೊರಗಿನಿಂದಲೂ ತೆಗೆಯಬೇಡ ಎಂದ. ಅವತ್ತು ಚೆನ್ನು ಒಳಗಿನಿಂದ ಬಡಿದ. ನನಗೆ ಕೇಳಿಸಿತು. ತೆಗೆಯಲಿಲ್ಲ. ಬಡಿತ ನಿಂತಾಗ, ಸದ್ಯ ಸುಮ್ಮನಾದ ಅಂದುಕೊಂಡೆ. ಹಿಡಿ ಬಿಚ್ಚಿದವನೂ ನಾನೇ."

ಜಾಗಟೆ ನಿಂತಿತು. ಒಳಗಿನಿಂದ ಚಪ್ಪಲಿಯ ಸದ್ದು ಹತ್ತಿರವಾಯಿತು.

ಪುಟ್ಟಮ್ಮ ಹೆಬ್ಬೆಟ್ಟು ಒತ್ತಿದಳು. ಶಾಯಿಯ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದಳು.

"ಈಗ ನಿಂದು."