ಡ್ರಮ್ಮಿಗೆ ಹಾಕಿದ ಮಾತ್ರೆ

ಮಲ, ಮೂತ್ರ, ಕೀವು ಅಂತ ದಿನವಿಡೀ ಲ್ಯಾಬಿನಲ್ಲಿ ಹೇಸಿಗೆಯ ಜೊತೆಗೇ ಸಂಸಾರ ಮಾಡುವವಳು ನಾನು. ಅಂಥ ನಾನೂ ಮುಖ ತಿರುಗಿಸಿದ್ದು ಅಣ್ಣನ ಜ್ಯೂಸ್ ಗಾಡಿಯ ಮುಂದೆ. ಗ್ಲಾಸ್ ಅದ್ದುವ ಬಕೆಟ್ಟಿನ ನೀರು ಬೆಳಗಿನಿಂದ ಅದೇ. ಮೇಲೆ ಹಣ್ಣಿನ ನಾರು, ಸತ್ತ ನೊಣ, ಯಾರದೋ ಎಂಜಲಿನ ನೊರೆ. ಕತ್ತಿನ ಬೆವರು ಒರೆಸಿಕೊಂಡ ಬಟ್ಟೆಯಲ್ಲೇ ಅಣ್ಣ ಗ್ಲಾಸನ್ನೂ ಒರೆಸಿದ. ಥೂ!

ಶಾಲೆ ಬಿಟ್ಟ ಮೇಲೆ ಅವನ ಏಳು ವರ್ಷದ ಮಗಳು ದಿನಾ ಇಲ್ಲೇ ಜ್ಯೂಸ್ ಕುಡಿಯುತ್ತಿದ್ದಳು. ಈಗ ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ. ಭೇದಿಯಿಂದ ಶುರುವಾದ ಸೋಂಕು ರಕ್ತಕ್ಕೆ ಸೇರಿದೆ. ಎರಡು ಬಗೆಯ ಆ್ಯಂಟಿಬಯೋಟಿಕ್ ಕೊಟ್ಟರೂ ಕಲ್ಲಿನ ಮೇಲೆ ನೀರು ಸುರಿದ ಹಾಗೆ. ಅನುಮಾನ ಬಂದು ಬಕೆಟ್ಟಿನಿಂದ, ಜ್ಯೂಸಿಗೂ ಬೆರೆಸುವ ಕುಡಿಯುವ ನೀರಿನ ಡ್ರಮ್ಮಿನಿಂದ ಸ್ಯಾಂಪಲ್ ತೆಗೆದೆ. ಹುಳದ ಡಾಕ್ಟರು ಬಂದಿದ್ದಾರೆ ಎಂದು ಅಣ್ಣ ಗಿರಾಕಿಗಳ ಮುಂದೆ ತಮಾಷೆ ಮಾಡಿದ.

ಮೂರನೇ ದಿನ ಲ್ಯಾಬಿನಲ್ಲಿ ಡ್ರಮ್ಮಿನ ನೀರಿನ ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆ ತೆರೆದೆ. ಗಬ್ಬು ವಾಸನೆ. ತಟ್ಟೆಯಲ್ಲಿ ಒಂದೊಂದು ಔಷಧಿ ಅದ್ದಿದ ಕಾಗದದ ಬಿಲ್ಲೆ ಇಟ್ಟಿರುತ್ತೇವೆ; ಔಷಧಿ ಕೆಲಸ ಮಾಡಿದರೆ ಅದರ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ಉಂಗುರ ಉಳಿಯುತ್ತದೆ. ಇಲ್ಲಿ ಲೋಳೆ ಲೋಳೆಯಾಗಿ ಬೆಳೆದ ಬ್ಯಾಕ್ಟೀರಿಯಾ ಎಲ್ಲ ಬಿಲ್ಲೆಗಳಿಗೂ ಮುತ್ತಿಕೊಂಡಿತ್ತು. ಆಸ್ಪತ್ರೆಯಿಂದ ನಮ್ಮ ಲ್ಯಾಬಿಗೇ ಬಂದಿದ್ದ ಮಗುವಿನ ರಕ್ತದ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಎರಡೂ ಅಚ್ಚು ಹೊಡೆದ ಹಾಗಿದ್ದವು.

ನೇರ ಗಾಡಿಗೆ ಹೋಗಿ ಅಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ಹೆತ್ತ ಮಗಳಿಗೇ ಕೊಚ್ಚೆ ಕುಡಿಸಿದೆಯಲ್ಲ ಎಂದೆ. ಅವನ ಮುಖ ಸಣ್ಣದಾಯಿತು.

"ಡ್ರಮ್ಮಿಗೆ ದಿನಾ ನಾಲ್ಕು ಮಾತ್ರೆ ಪುಡಿ ಮಾಡಿ ಹಾಕ್ತೀನಮ್ಮ," ಎಂದ. "ಹುಳ ಸಾಯ್ಲಿ ಅಂತ. ಜನಕ್ಕೆ ಏನೂ ಆಗ್ಬಾರ್ದಲ್ವಾ?"

ಗಾಡಿಯ ಕೆಳಗಿನಿಂದ ಬಿಸ್ಕತ್ತಿನ ಡಬ್ಬ ತೆಗೆದು ಕೊಟ್ಟ. ಅದರ ತುಂಬ ಅರ್ಧರ್ಧ ಉಳಿದ ಮಾತ್ರೆಯ ಪಟ್ಟಿಗಳು. ಒಂದೊಂದಕ್ಕೂ ಚೀಟಿ ಅಂಟಿಸಿತ್ತು: 'ಜ್ವರಕ್ಕೆ, ದಿನಕ್ಕೆ ಎರಡು.' ಅಕ್ಷರ ನನ್ನದು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಐದು ದಿನದ ಆ್ಯಂಟಿಬಯೋಟಿಕ್ ಮಾತ್ರೆ ತಂದುಕೊಟ್ಟು, ಎರಡು ದಿನಕ್ಕೆ ಜ್ವರ ಬಿಟ್ಟರೆ ಸಾಕು, ಉಳಿದದ್ದು ಎತ್ತಿಡಿ, ಮುಂದಕ್ಕಾಗುತ್ತೆ ಎಂದವಳು ನಾನೇ. ಅರೆಬರೆ ಔಷಧಿಗೆ ಸಾಯದೆ ಉಳಿದ ಹುಳ ಆಮೇಲೆ ಆ ಔಷಧಿಗೇ ಬಗ್ಗದಂತೆ ಪಳಗುತ್ತದೆ ಎಂದು ಗೊತ್ತಿದ್ದವಳೂ ನಾನೇ. ಆಚಾರ ಹೇಳೋದು, ಬದನೆಕಾಯಿ ತಿನ್ನೋದು. ನನ್ನ ಕೈ ನೋಡಿ ನನಗೇ ಅಸಹ್ಯವಾಯಿತು.

ಅಷ್ಟರಲ್ಲಿ ಆಸ್ಪತ್ರೆಯ ಡಾಕ್ಟರು ಫೋನ್ ಮಾಡಿದರು. ಇನ್ನು ಯಾವ ಔಷಧಿ ಹಿಡಿಯಬಹುದು ಎಂದು ಒಂದೊಂದೇ ಹೆಸರು ಹೇಳಿ ಕೇಳಿದರು. ಅವರು ಹೇಳಿದ ಹೆಸರುಗಳೆಲ್ಲ ನನ್ನ ಕೈಯಲ್ಲಿದ್ದ ಡಬ್ಬದಲ್ಲೇ ಇದ್ದವು. ಪ್ರತಿಯೊಂದಕ್ಕೂ ಇಲ್ಲ ಎಂದೆ. ಕೊನೆಗೆ ಅವರ ಬಳಿ ಕೇಳಲು ಹೆಸರೇ ಉಳಿಯಲಿಲ್ಲ.

ನನಗೆ ವಾಕರಿಕೆ ಬಂತು. ಅಣ್ಣ ಗಾಬರಿಯಿಂದ ಡ್ರಮ್ಮಿನ ನಲ್ಲಿ ತಿರುಗಿಸಿ ಗ್ಲಾಸ್ ತುಂಬಿಸಿದ.

"ಒಂದು ಗುಟುಕು ನೀರು ಕುಡಿಯಮ್ಮ," ಎಂದ. "ಮಾತ್ರೆ ಹಾಕಿರೋದೇ."